ಪುಟ್ಟತಾಯಮ್ಮನ ಅಟ್ಟಿಯೂ ನಿಮ್ಮವ್ವನ ಕೋರ್ಟೂ

ಅಕ್ಷತಾ, ವಿನಯ,

ನಿಮ್ಮವ್ವ ನ್ಯಾಯಾಧೀಶೆಯಾಗಿ, ಅವಳ ಜೊತೆ ಈ ಅಜ್ಜಿಯೂ ಗುಂಡ್ಲುಪೇಟೆಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಒಂದು ಬುಟ್ಟಿ ತರಕಾರಿ. ಎಲೆಕೋಸು, ಬೀಟ್‌ರೂಟು, ಮಣ್ಣು ಆರದ ಉಳ್ಳಾಗಡ್ಡಿ, ಮೇಲೊಂದು ಚಿಪ್ಪು ಬಾಳೆಹಣ್ಣು. ಅತ್ತಿತ್ತ ನೋಡಿದೆ, ಯಾರೂ ಇಲ್ಲ. ನಮ್ಮೂರಲ್ಲಿ ಹೊಸ ಸಂಸಾರ ಬಂದರೆ ಮೊದಲ ದಿನ ಒಲೆ ಹಚ್ಚಲು ಬಿಡುವುದಿಲ್ಲ. ಒಂದು ಮನೆಯಿಂದ ರೊಟ್ಟಿ ಬರುತ್ತದೆ, ಇನ್ನೊಂದರಿಂದ ಪಲ್ಯ. ಇಷ್ಟು ದೂರದ ಊರಲ್ಲೂ ಅದೇ ಪದ್ಧತಿ ಇದೆಯಲ್ಲ ಎಂದು ಹಿಗ್ಗಿ, ಬುಟ್ಟಿ ಒಳಗೆ ತಂದು ಕೋಸು ಹೆಚ್ಚಲು ಕೂತೆ.

ಸ್ನಾನ ಮುಗಿಸಿ ಬಂದ ನಿಮ್ಮವ್ವ ಅಲ್ಲೇ ನಿಂತಳು.

"ಯವ್ವಾ, ಇದನ್ನ ಯಾರು ಕೊಟ್ರು?"

"ಯಾರೋ ಪುಣ್ಯಾತ್ಮರು ಇಟ್ಟು ಹೋಗ್ಯಾರ. ಹೆಸರು ಸೈತ ಹೇಳಿಲ್ಲ."

"ಅದಕ್ಕ ಹೊರಗ ಇಡು. ಹೆಚ್ಚಿದ್ದನ್ನೂ ಇಡು."

ಕೋರ್ಟಿನ ದಲಾಯತ್ ಮಹದೇವ ಆ ಹೊತ್ತಿಗೆ ಬಂದ. ನ್ಯಾಯಾಧೀಶರ ಮುಂದೆ ನಡೆದು ಜನರನ್ನು ಸುಮ್ಮನಿರಿಸುವುದು ಅವನ ಕೆಲಸ. ಬುಟ್ಟಿ ಎತ್ತಿಕೊಂಡು ನಕ್ಕ. "ಕೇಸಿರೋರು ಯಾರೋ ಇಕ್ಬುಟ್ಟು ಓಗವ್ರೆ ಕಣವ್ವ. ಗೇಟಿನಾಚೆ ಇಕ್ತೀನಿ. ಯಾರೂ ಬಂದು ನಂದು ಅನ್ನಕಿಲ್ಲ, ನೋಡ್ತಿರಿ."

ಯಾರೂ ಬರಲಿಲ್ಲ. ಕೊನೆಗೆ ದನ ತಿಂದವು. ಕೊಟ್ಟದ್ದನ್ನು ಹೊರಗೆ ಹಾಕುವುದು ನಮ್ಮ ಕಡೆ ಬೈಗುಳಕ್ಕಿಂತ ದೊಡ್ಡ ಮಾತು. ನಿಮ್ಮವ್ವನ ಮನೆಯಲ್ಲಿ ಮಾತ್ರ ಅದೇ ಮರ್ಯಾದೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಅವ್ವ ಯಾಕೆ ನಮ್ಮ ಹತ್ತಿರ ಇಲ್ಲ, ನೀನಾದರೂ ಅಲ್ಲಿ ದಿನವೆಲ್ಲ ಏನು ಮಾಡುತ್ತೀ ಎಂದು ನೀವಿಬ್ಬರೂ ಫೋನಿನಲ್ಲಿ ಕೇಳುತ್ತೀರಿ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಎಂದುಕೊಳ್ಳಿ.

ನಿಮ್ಮ ಅಜ್ಜ ದರ್ಜಿ. ಮಲಪ್ರಭೆಯ ದಂಡೆಯ ನಮ್ಮೂರಲ್ಲಿ ಬಸ್ ನಿಲ್ಲುವ ಕಟ್ಟೆಯ ಹತ್ತಿರ ಅವರ ಮಷೀನು ಇತ್ತು. ಮಗಳು ಕಾನೂನು ಓದಿ ವಕೀಲಳಾದಾಗ ಅವಳ ಮೊದಲ ಕರಿಕೋಟನ್ನು ಅವರೇ ಹೊಲಿದರು. ಅವಳು ನ್ಯಾಯಾಧೀಶೆಯಾದದ್ದನ್ನು ನೋಡಲು ಅವರು ಇರಲಿಲ್ಲ. ಆ ಪರೀಕ್ಷೆ ಮೊದಲ ಸಲಕ್ಕೇ ಆಗುವಂಥದ್ದಲ್ಲ. ಹಗಲು ತಾಲೂಕು ಕೋರ್ಟು, ಸಂಜೆ ಓದು, ನಡುವೆ ನೀವಿಬ್ಬರು ಹುಟ್ಟಿದಿರಿ. ಕೊನೆಗೆ ಆಯ್ಕೆಯಾಗಿ, ತರಬೇತಿ ಮುಗಿಸಿ, ಆದೇಶ ಬಂತು: ಗುಂಡ್ಲುಪೇಟೆ. ಸ್ವಂತ ಊರಿರುವ ಕಡೆ ನ್ಯಾಯಾಧೀಶರನ್ನು ಕೂರಿಸುವುದಿಲ್ಲವಂತೆ. ನಂಟರು ಇಷ್ಟರು ಬಾಗಿಲು ಬಡಿಯುತ್ತಾರೆ ಎಂದು. ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದೆವು. ನಿಮ್ಮ ಶಾಲೆ ಧಾರವಾಡದಲ್ಲಿ, ನಿಮ್ಮಪ್ಪನ ನೌಕರಿಯೂ ಅಲ್ಲೇ. ಅವಳೊಬ್ಬಳನ್ನೇ ಹೇಗೆ ಕಳಿಸುವುದು? ನಾನು ಹೊರಟೆ.

ಗುಂಡ್ಲುಪೇಟೆಯದೂ ಕನ್ನಡವೇ. ಆದರೂ ಮೊದಲ ತಿಂಗಳು ನನಗೆ ಅರ್ಧ ತಿಳಿಯುತ್ತಿರಲಿಲ್ಲ. "ವಸಿ ಬುಡವ್ವ" ಎಂದರೆ ಸ್ವಲ್ಪ ದಾರಿ ಬಿಡು ಎಂದು. ಅಟ್ಟಿ ಎಂದರೆ ಮನೆ. ನಮ್ಮ ಕಡೆ ಹಟ್ಟಿ ಎಂದರೆ ದನ ಕುರಿ ಕಟ್ಟುವ ಜಾಗವಲ್ಲವೇ? "ನಮ್ಮಟ್ಟಿಗೆ ಬನ್ನಿ" ಎಂದು ಯಾರೋ ಕರೆದಾಗ ನಾನು ಆಕಳು ನೋಡಲು ಕರೆಯುತ್ತಿದ್ದಾರೆ ಎಂದುಕೊಂಡೆ. ಹೆದ್ದಾರಿಯ ಅಂಗಡಿಗಳ ಮೇಲೆ ಮಲಯಾಳದ ದುಂಡು ಅಕ್ಷರ. ತರಕಾರಿ ಹೊತ್ತು ಕೇರಳಕ್ಕೆ ಹೋಗುವ ಲಾರಿಗಳು ರಾತ್ರಿ ಬಂಡೀಪುರದ ಕಾಡು ದಾಟುವಂತಿಲ್ಲ. ಗೇಟು ಮುಚ್ಚುವುದರೊಳಗೆ ತಲುಪಲಾಗದವು ಸಾಲಾಗಿ ನಿಲ್ಲುತ್ತವೆ, ಡ್ರೈವರುಗಳು ರಸ್ತೆಯ ಬದಿಯಲ್ಲೇ ಅನ್ನ ಬೇಯಿಸಿಕೊಳ್ಳುತ್ತಾರೆ. ನಮ್ಮ ಕಡೆ ಬಿಸಿಲು ನೆತ್ತಿಗೆ ಹೊಡೆದರೆ ಅಲ್ಲಿ ಬೇಸಿಗೆಯ ಸಂಜೆಯೂ ಕಾಡಿನ ಕಡೆಯಿಂದ ತಣ್ಣಗೆ ಗಾಳಿ ಬರುತ್ತದೆ. ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂರುತ್ತಿದ್ದೆ.

ಕೂರುವುದೊಂದೇ ಕೆಲಸ. ನಿಮ್ಮವ್ವ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಬಂದ ಮೇಲೂ ತೀರ್ಪು ಬರೆಯುತ್ತಾಳೆ. ಮದುವೆಗೆ ಕರೆದರೆ ಹೋಗುವುದಿಲ್ಲ. ಅಂಗಡಿಯಲ್ಲಿ ನಿಂತು ಮಾತಾಡುವುದಿಲ್ಲ. ಎದುರಿಗೆ ನಕ್ಕವರ ಕೇಸು ನಾಳೆ ತನ್ನ ಮುಂದೆ ಬರಬಹುದು ಎಂದು ಅವಳಿಗೆ ಅಳುಕು. ಊಟಕ್ಕೆ ಕೂತಾಗಲೂ ಕೋರ್ಟಿನ ಸುದ್ದಿ ಎತ್ತುವುದಿಲ್ಲ. ನನಗೂ ಕಟ್ಟಪ್ಪಣೆ ಮಾಡಿದ್ದಳು: "ಯಾರ ಕೂಡರೆ ಮಾತಾಡು ಯವ್ವಾ, ಆದ್ರ ಜಡ್ಜ್ ಅವ್ವ ಅಂತ ಹೇಳಬ್ಯಾಡ. ಹೇಳಿದಿ ಅಂದ್ರ ಮರುದಿನಾನ ನಿನ್ನ ಕೈಯಾಗ ಒಂದು ಅರ್ಜಿ ಇರತದ."

ಒಂದು ಭಾನುವಾರ ಪೊಲೀಸರು ಒಬ್ಬನನ್ನು ಮನೆಗೇ ಕರೆತಂದರು. ಹಿಡಿದವರನ್ನು ರಜೆಯ ದಿನವಾದರೂ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಂತೆ. ಕಾಡಂಚಿನ ಹೊಲದಲ್ಲಿ ಹಂದಿಗೆ ಉರುಳು ಹಾಕಿದ್ದ, ಜಿಂಕೆ ಬಿದ್ದಿತ್ತು. ಅಡಿಗೆಮನೆಯ ಸಂದಿಯಿಂದ ನೋಡಿದೆ. ನಿಮ್ಮವ್ವ ನೈಟಿಯ ಮೇಲೆ ಶಾಲು ಹೊದ್ದಿದ್ದವಳು ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಪೊಲೀಸರನ್ನು ಗೇಟಿನ ಹತ್ತಿರ ನಿಲ್ಲಿಸಿ ಅವನನ್ನು ಕೇಳಿದಳು, "ನಿಮ್ಮನ್ನು ಹೊಡೆದರಾ? ಮನೆಯವರಿಗೆ ತಿಳಿಸಿದ್ದಾರಾ?" ಆ ದನಿ ನಾನು ಕೇಳಿದ್ದಲ್ಲ. ಅದರಲ್ಲಿ ನನ್ನ ಕಿವಿಗೆ ನಮ್ಮೂರೂ ಕೇಳಿಸಲಿಲ್ಲ, ಆ ಊರೂ ಕೇಳಿಸಲಿಲ್ಲ. ಅವನು ಹೋದ ಮೇಲೆ ತಟ್ಟೆಯ ಮುಂದೆ ಕೂತವಳಿಗೆ ಊಟ ಸೇರಲಿಲ್ಲ.

ಪುಟ್ಟತಾಯಮ್ಮ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಇಲ್ಲಿ ಅದನ್ನು ಮಿಲ್ಲು ಎನ್ನುತ್ತಾರೆ. ನಾನು ಜೋಳ ಬೀಸಿಸಲು ಡಬ್ಬಿ ಹಿಡಿದು ನಿಂತಿದ್ದೆ. ಸುತ್ತ ಎಲ್ಲರದೂ ರಾಗಿ. ನನ್ನ ವಯಸ್ಸಿನವಳೇ, ನನ್ನ ಹಾಗೆ ಬೋಳು ಹಣೆ, ಬಾಯಿ ಮಾತ್ರ ನನ್ನದಕ್ಕೆ ಪೂರ್ತಿ ಉಲ್ಟಾ.

"ಏನಕ್ಕ, ಎಮ್ಮೆಗಾ ಜ್ವಾಳ?"

"ಅಲ್ರೀ, ನಮಗ. ರೊಟ್ಟಿ."

"ಅಯ್ ಶಿವ್ನೆ! ದಿನಾ ರೊಟ್ಟಿ ತಿಂದ್ರೆ ಹೊಟ್ಟೆ ಒಣಗೋದಿಲ್ವಾ? ಬಾ ನಮ್ಮಟ್ಟಿಗೆ, ಮುದ್ದೆ ಕಟ್ಟೋದ್ ಕಲಿಸ್ತೀನಿ."

ಈ ಸಲ ಅಟ್ಟಿ ಎಂದರೆ ತಿಳಿದಿತ್ತು. ಹೋದೆ. ನನ್ನ ಮೊದಲ ಮುದ್ದೆ ಒಳಗೆ ಹಸಿ ಹಿಟ್ಟು, ಹೊರಗೆ ಗಂಜಿ. "ಇದು ಮುದ್ದೆ ಅಲ್ಲ ಕಣಕ್ಕ, ಗೋಡೆ ಮೆತ್ತೋಕಾಯ್ತದೆ" ಎಂದು ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಬೇರೆಯವರ ಮನೆಯಲ್ಲಿ ನಾನು ದನಿ ತೆಗೆದು ನಕ್ಕಿದ್ದು ಅದೇ ಮೊದಲು. ಅವಳು ನನ್ನ ರೊಟ್ಟಿ ತಟ್ಟಲು ಹೋಗಿ ಹರಿದು ನಕಾಶೆ ಮಾಡಿದಾಗ ನನ್ನ ಸರದಿ ಬಂತು. ಮಗಳಿಗೆ ಏನು ಕೆಲಸ ಎಂದು ಕೇಳಿದಳು. ಸರಕಾರಿ ನೌಕರಿ ಎಂದೆ. ಅಷ್ಟಕ್ಕೇ ಬಿಟ್ಟಳು.

ಮಧ್ಯಾಹ್ನಗಳು ಹಗುರಾದವು. ಮಾತು ಕೂಡ ಸಿಕ್ಕಿತು. ಒಂದು ರಾತ್ರಿ ಊಟದಲ್ಲಿ ನಿಮ್ಮವ್ವ ಅಪರೂಪಕ್ಕೆ ಕೇಳಿದಳು, "ಯವ್ವಾ, ಈ ಊರಾಗ ತಾವ ಅಂದ್ರ ಏನ? ಇವತ್ತ ಒಬ್ಬಾಕಿ ಹತ್ತು ಸಲ ಅಂದ್ಳು." ಹತ್ತಿರ ಎಂದು ಅರ್ಥ ಎಂದೆ. ಏಳನೆಯ ತರಗತಿಯವಳು ಜಡ್ಜಿಗೆ ಅರ್ಥ ಹೇಳಿಕೊಟ್ಟೆನೆಂದು ಆವತ್ತು ಒಂದು ರೊಟ್ಟಿ ಹೆಚ್ಚು ತಿಂದೆ.

ಪುಟ್ಟತಾಯಮ್ಮನ ತವರು ಹತ್ತಿರದ್ದೇ, ತೆರಕಣಾಂಬಿ ಕಡೆಯ ಹಳ್ಳಿ. ಆದರೂ ಹಬ್ಬಕ್ಕೆ ಹೋಗುತ್ತಿರಲಿಲ್ಲ. ಕೇಳಲು ನನಗೆ ಸಂಕೋಚ. ಒಂದು ದಿನ ಅವರೆಕಾಯಿ ಸುಲಿಯುತ್ತಾ ಅವಳೇ ಹೇಳಿದಳು.

"ನಾಳಿಕ್ಕೆ ಬರ್ಬ್ಯಾಡ ಕಣಕ್ಕ, ಕೋರ್ಟಿದೆ. ಅಪ್ಪನ ಜಮೀನಲ್ಲಿ ಪಾಲು ಕೇಳಿವ್ನಿ. ಅದ್ಕೇ ನಮ್ಮ ತಮ್ಮ ಶಿವಮಲ್ಲು ಮಾತು ಬುಟ್ಟವ್ನೆ. ಊರೋರೂ ಅವನ್ ಕಡೇನೇ. ವರ್ಸಾನ್ಗಟ್ಲೆ ಎಳೆದು ಈಗ ತೀರ್ಪಿನ ತಾವ ಬಂದದೆ. ಹೊಸ ಜಡ್ಜಮ್ಮ ಬಂದವ್ರೆ. ಒಳ್ಳೇವ್ರು, ಲಾಯ್ರು ಕೂಗಾಡುದ್ರೆ ಕುಂತ್ಕೊಳ್ಳಿ ಅಂತಾರೆ. ಅವರ ಮಾತು ಕೇಳ್ಬೇಕು ನೀನು! ಥೇಟ್ ನಿನ್ನಂಗೇ ಕಣಕ್ಕ, ಅದೇ ಬಡಗಲ ಸೀಮೆ ರಾಗ."

ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಯಾಕಕ್ಕ, ಉಳ ಬಂತಾ?" ಎಂದಳು. ಹೌದು ಎಂದೆ.

ಹೆಣ್ಣುಮಗಳಿಗೆ ಪಾಲು ಎಂದರೆ ಏನೆಂದು ನನಗೆ ಗೊತ್ತು. ನನ್ನ ಅಪ್ಪ ತೀರಿಕೊಂಡಾಗ ಅಣ್ಣಂದಿರು ಒಂದು ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ತವರಿನ ಬಾಗಿಲು ತೆರೆದಿರಲಿ ಎಂದು ನಾನೂ ಹಾಕಿದೆ. ನಮ್ಮ ಕಡೆ ಹಾಗೆ, ಈ ಕಡೆಯೂ ಹಾಗೆಯೇ. ಪುಟ್ಟತಾಯಮ್ಮ ಹಾಕಲಿಲ್ಲ. ಮದುವೆಯಾಗುವವರೆಗೆ ಆ ಹೊಲದಲ್ಲಿ ಕಳೆ ಕಿತ್ತವಳು ತಾನು ಎಂಬುದು ಅವಳ ಒಂದೇ ವಾದ.

ಮನೆಗೆ ನಡೆಯುತ್ತಾ ಮೂರು ದಾರಿ ಕಂಡವು. ಸುಮ್ಮನಿದ್ದರೆ ಗೆಳತಿ ಉಳಿಯುತ್ತಾಳೆ, ಆದರೆ ನಿಮ್ಮವ್ವ ನನ್ನ ದೆಸೆಯಿಂದ ಕಣ್ಣು ಕಟ್ಟಿಕೊಂಡು ತೀರ್ಪು ಕೊಟ್ಟಂತೆ. ನಾಳೆ ಯಾರಾದರೂ ಹೇಳಿದರೆ ಅವಳ ಕುರ್ಚಿಗೆ ಮಸಿ. ಕಾರಣ ಹೇಳದೆ ಹೋಗುವುದನ್ನು ನಿಲ್ಲಿಸಿದರೆ, ಊರೇ ಕೈಬಿಟ್ಟವಳನ್ನು ನಾನೂ ಕೈಬಿಟ್ಟಂತೆ. ನಿಮ್ಮವ್ವನಿಗೆ ಹೇಳಿದರೆ ಅವಳು ಆ ಕೇಸು ಕೈಬಿಡುತ್ತಾಳೆ, ಪುಟ್ಟತಾಯಮ್ಮ ಮತ್ತೆ ಕಾಯಬೇಕು. ಸಂಜೆ ನಿಮ್ಮವ್ವ ಚಹಾ ಕುಡಿದು ಮುಗಿಸುವವರೆಗೆ ಕಾದು, ಹೇಳಿದೆ.

ಅವಳು ಲೋಟ ಕೆಳಗಿಟ್ಟಳು. "ಕೇಸಿನ ಸುದ್ದಿ ನೀ ಏನರೆ ಕೇಳಿದಿ?"

"ಇಲ್ಲ. ಅಕೀನ ಹೇಳಿದ್ಲು."

"ಅಕಿಗೆ ನಾ ಯಾರು ಅಂತ ಗೊತ್ತೈತೇನ?"

"ಇಲ್ಲ."

ಅವಳು ತಗ್ಗಿದ ದನಿಯಲ್ಲಿ, "ತೀರ್ಪು ಬರೆಯೋದಕ್ಕ ಅರ್ಧ ತಯಾರ ಮಾಡಿದ್ದೆ ಯವ್ವಾ" ಎಂದಳು. ಏನೆಂದು ಬರೆಯಲಿದ್ದಳೋ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮರುದಿನ ಕೋರ್ಟಿನಲ್ಲಿ ನಡೆದದ್ದನ್ನು ಮಹದೇವ ಬಂದು ಹೇಳಿದ. ನಿಮ್ಮವ್ವ ಎಲ್ಲರ ಮುಂದೆ, "ವಾದಿಯವರು ನಮ್ಮ ತಾಯಿಗೆ ಪರಿಚಯದವರು. ಇದು ನನಗೆ ನಿನ್ನೆ ತಿಳಿಯಿತು. ಈ ದಾವೆಯನ್ನು ನಾನು ನಡೆಸುವುದಿಲ್ಲ" ಎಂದಳಂತೆ. ಹಿಂದಿನ ಬೆಂಚಿನಿಂದ ಶಿವಮಲ್ಲು ಎದ್ದನಂತೆ. "ಇರ್ಲಿ ಬುಡಿ ತಾಯಿ, ನೀವೇ ನಡ್ಸಿ. ನಮ್ಮಕ್ಕನ ಕುಟೆ ಊರಲ್ಲಿ ಯಾರೂ ಮಾತಾಡಕಿಲ್ಲ. ನಿಮ್ಮವ್ವಾರಾದ್ರೂ ಆಡ್ಕಳ್ಳಿ." ಕೋರ್ಟೆಲ್ಲ ನಕ್ಕಿತಂತೆ. ನಿಮ್ಮವ್ವ ನಗಲಿಲ್ಲ, ಪುಟ್ಟತಾಯಮ್ಮನೂ ನಗಲಿಲ್ಲ. ಕಡತ ಜಿಲ್ಲಾ ನ್ಯಾಯಾಧೀಶರಿಗೆ ಹೋಗಿ, ಅವರಿಂದ ಪಕ್ಕದ ಇನ್ನೊಂದು ಕೋರ್ಟಿಗೆ ಬಂತು. ಅಲ್ಲಿಯ ನ್ಯಾಯಾಧೀಶರಿಗೆ ವಾದವನ್ನೆಲ್ಲ ಹೊಸದಾಗಿ ಕೇಳಿಸಬೇಕು.

ನಾಲ್ಕಾರು ದಿನ ಬಿಟ್ಟು ಮಿಲ್ಲಿಗೆ ಹೋದೆ. ಅವಳು ಅಲ್ಲಿದ್ದಳು.

"ದಾರಿ ಬುಡ್ರಪ್ಪೋ, ಜಡ್ಜಮ್ಮಾರ ಅವ್ವಾರು ಬಂದವ್ರೆ! ಮೊದ್ಲು ಅವರ್ದು ಬೀಸ್ಕೊಡಿ, ನಮ್ದೇನು, ಕಾಯೋದು ರೂಢಿ ಆಗದೆ."

ಎಲ್ಲರೂ ತಿರುಗಿ ನೋಡಿದರು. ಡಬ್ಬಿ ಎದೆಗೊತ್ತಿಕೊಂಡು ನಿಂತೆ. ಅವಳು ಹತ್ತಿರ ಬಂದು ದನಿ ಇಳಿಸಿದಳು.

"ನಾನೇನು ನಿನ್ ಕಾಲ್ ಇಡ್ಕತಿದ್ನಾ? ಮಗ್ಳ ತಾವ ಒಂದ್ ಮಾತು ಯೋಳು ಅಂತಿದ್ನಾ? ಯಾಕ್ ಮುಚ್ಚಿಟ್ಟೆ?"

"ಹೇಳಿದ್ರ ನೀ ನನ್ನ ಜೋಡಿ ಕುಂದರತಿದ್ದಿಲ್ಲ."

ಅವಳು ತನ್ನ ಹಿಟ್ಟು ತಲೆಯ ಮೇಲಿಟ್ಟುಕೊಂಡು ಹೋದಳು.

ನಿಮ್ಮವ್ವ ಹೇಳಿದಳು, ಆ ಕೇಸು ಪಕ್ಕದ ಕೋರ್ಟಿನಲ್ಲಿ ಇರುವಷ್ಟು ಕಾಲ, ತಾನು ಅದೇ ಆವರಣದಲ್ಲಿ ಇರುವಷ್ಟು ಕಾಲ, ನಾನು ಆ ಮನೆಗೆ ಹೋಗಬಾರದು. ಅವಳ ಮಾತು ಸರಿ ಎಂದು ನನಗೆ ತಿಳಿಯುತ್ತಿತ್ತು. ತಿಳಿದರೂ ಮಧ್ಯಾಹ್ನ ಕಾಲು ಆ ಕಡೆಗೇ ತಿರುಗುತ್ತಿತ್ತು. ಮಿಲ್ಲಿಗೆ ಅವಳು ಬಾರದ ಹೊತ್ತು ನೋಡಿ ಹೋಗುತ್ತಿದ್ದೆ. ನನ್ನ ಮುದ್ದೆ ಈಗ ದುಂಡಗೆ, ನುಣ್ಣಗೆ ಬರುತ್ತಿತ್ತು. ಸರಿಯಾಯಿತೆಂದು ಹೇಳುವವರು ಇರಲಿಲ್ಲ. ಹಗಲು ಎತ್ತರದ ಕುರ್ಚಿಯಲ್ಲಿ ಒಬ್ಬಳೇ ಕೂತು ಬರುವ ನಿಮ್ಮವ್ವನನ್ನು ಆ ವರ್ಷ ನಾನು ಬೇರೆ ಕಣ್ಣಿನಿಂದ ನೋಡಿದೆ. ಅವಳಿಗೂ ಅಲ್ಲಿ ಒಬ್ಬಳು ಗೆಳತಿ ಇರಲಿಲ್ಲ. ಅವಳು ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

ಆಮೇಲೆ ಅವಳಿಗೆ ಬಡ್ತಿ ಬಂತು. ಹಿರಿಯ ಸಿವಿಲ್ ನ್ಯಾಯಾಧೀಶೆ ಎಂದು ಚಾಮರಾಜನಗರಕ್ಕೆ ಬಂದೆವು. ಇಲ್ಲಿ ಲಾರಿಗಳ ಸದ್ದಿಲ್ಲ, ಬಿಸಿಲು ಸ್ವಲ್ಪ ನಮ್ಮೂರಿನದೇ. ಸಂತೆಮರಹಳ್ಳಿಯ ಸಂತೆಯಲ್ಲಿ ಒಳ್ಳೆಯ ಬಿಳಿಜೋಳ ಸಿಗುತ್ತದೆ. ಸಂತೆಯ ಹೆಂಗಸು ನನ್ನ ಮಾತು ಕೇಳಿ "ಗುಂಡ್ಲುಪೇಟೆ ಕಡೆಯವ್ರಾ?" ಎಂದಳು. ನಾನು ಅಲ್ಲ ಎನ್ನಲಿಲ್ಲ.

ಒಂದು ಸಂಜೆ ಮಹದೇವ ಫೋನು ಮಾಡಿದ. ಪುಟ್ಟತಾಯಮ್ಮನ ಕೇಸಿಗೆ ನಾಳೆ ತೀರ್ಪು. "ಅವ್ವಾರ್ಗೆ ಯೋಳು ಅಂತ ಆಯಮ್ಮನೇ ಅಂದ್ರು. ಬರ್ಬೇಕು ಅಂತಲ್ಲವಂತೆ, ಸುಮ್ನೆ ಯೋಳು ಅಂದ್ರು."

ನಿಮ್ಮವ್ವನ ಮುಂದೆ ನಿಂತೆ. ಅವಳು ಯೋಚಿಸಿದಳು. ಅಪೀಲು ಹೋದರೂ ಅದು ತನ್ನ ಕೋರ್ಟಿಗೆ ಬರುವಂಥದ್ದಲ್ಲ ಎಂದಳು. "ಹೋಗು. ಕೋರ್ಟಿನ ಒಳಗ ಮಾತ್ರ ಕಾಲಿಡಬ್ಯಾಡ. ನಿನ್ನ ಗುರುತಿರೋರು ಅದಾರ. ನೀ ಅಲ್ಲಿ ಕೂತ್ರ ನೋಡಿದವರು ತಪ್ಪು ತಿಳೀತಾರ."

ಹಾಗಾಗಿ ನಾನು ರಸ್ತೆಯ ಈಚೆ, ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಷ್ಟು ವರ್ಷ ಇದೇ ಆವರಣದ ಪಕ್ಕ ಇದ್ದವಳು ಜನ ಹೇಗೆ ಒಳಗೆ ಹೋಗುತ್ತಾರೆ, ಹೇಗೆ ಹೊರಗೆ ಬರುತ್ತಾರೆ ಎಂದು ನೋಡಿರಲಿಲ್ಲ. ಹೋಗುವಾಗ ಸೆರಗು, ಪಂಚೆ ಸರಿಮಾಡಿಕೊಂಡು, ಚಪ್ಪಲಿಯ ಮಣ್ಣು ಕೊಡವಿ ಹೋಗುತ್ತಾರೆ. ಒಳಗೆ ಕೂತ ಒಬ್ಬರ ಬಾಯಿಂದ ಏನು ಬರುತ್ತದೋ ಎಂದು. ನನ್ನ ಮಗಳ ಬಾಯನ್ನೂ ದಿನಾ ಹೀಗೆಯೇ ನೋಡುತ್ತಾರೆ.

ಮಧ್ಯಾಹ್ನಕ್ಕೆ ಪುಟ್ಟತಾಯಮ್ಮ ಹೊರಗೆ ಬಂದಳು. ಮುಖ ನೋಡಿದರೆ ಸೋತಳೋ ಗೆದ್ದಳೋ ತಿಳಿಯಲಿಲ್ಲ. ಹಿಂದೆಯೇ ಶಿವಮಲ್ಲು.

"ಸಮಪಾಲು ಬಂತಲ್ಲ, ಸಂತೋಸ್ವಾ?" ಎಂದ, ರಸ್ತೆಯ ಜನವೆಲ್ಲ ಕೇಳುವ ಹಾಗೆ. "ಹೊಲಕ್ಕೆ ಬಾ, ಬ್ಯಾಡ ಅನ್ನಕಾಯ್ತದಾ? ಅಟ್ಟಿಗೆ ಮಾತ್ರ ಬರ್ಬ್ಯಾಡ. ನಾ ಸತ್ರೂ ಬರ್ಬ್ಯಾಡ."

"ಮಲ್ಲಾ, ನಿನ್ನ ಎತ್ತಿ ಆಡ್ಸಿವ್ನಿ ಕಣ್ಲಾ ನಾನು."

ಅವನು ಅವಳ ಮುಖ ನೋಡದೆ ತಿರುಗಿ ಹೋಗಿ, ತೆರಕಣಾಂಬಿ ಕಡೆಯ ಬಸ್ಸು ಹತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನೋಡುತ್ತಲೇ ಇದ್ದಳು. ಆಮೇಲೆ ರಸ್ತೆ ದಾಟಿ ಬಂದು ನನ್ನ ಪಕ್ಕ ಕೂತಳು.

"ಈಗ ನಮ್ಮನೇಲಿ ಉಣ್ಬೌದಾ, ಇಲ್ಲ ಅದ್ಕೂ ಆರ್ಡರ್ ಆಗ್ಬೇಕಾ?"

"ಆಗೈತಿ," ಎಂದೆ.

"ಹಂಗಾದ್ರೆ ನಡಿಯಕ್ಕ, ಓಗನ."

ಅವಳ ಮನೆಯಲ್ಲಿ ನಾನೇ ಮುದ್ದೆ ಕಟ್ಟಿದೆ. ಅವಳು ಗೋಡೆಗೊರಗಿ ಕೂತಿದ್ದಳು. ಗೆದ್ದ ದಿನ ಅಳಬಾರದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಅಳುತ್ತಿದ್ದಳು. ನಾನು ಸಹಿ ಹಾಕಿದ ಕಥೆಯನ್ನು ಅವತ್ತು ಅವಳಿಗೆ ಹೇಳಿದೆ. ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು ಅಂದಳು:

"ನೋಡು, ನಾನು ಪಾಲು ತಕ್ಕಂಡು ತವರ ಕಳ್ಕಂಡೆ. ನೀನು ಪಾಲು ಬುಟ್ಟು ತವರ ಉಳಿಸ್ಕಂಡೆ. ಎಷ್ಟು ವರ್ಸ ಆಯ್ತು ಅಲ್ಲಿಗೋಗಿ?"

ನನಗೆ ಲೆಕ್ಕ ಸಿಗಲಿಲ್ಲ. ಅಣ್ಣಂದಿರು ಹೋದ ಮೇಲೆ ಅವರ ಮಕ್ಕಳು ಕರೆದದ್ದಿಲ್ಲ. ನಾನಾಗಿ ಹೋದದ್ದೂ ಇಲ್ಲ. ಅವಳು ಇನ್ನೇನೂ ಕೇಳದೆ ತಟ್ಟೆ ನನ್ನ ಕಡೆ ಸರಿಸಿದಳು.

ಅಷ್ಟರಲ್ಲಿ ನಿಮ್ಮವ್ವನ ಫೋನು.

"ಯವ್ವಾ, ಹೊತ್ತಾತು. ಎಲ್ಲಿದ್ದಿ?"

"ಮನ್ಯಾಗ ಅದೀನಿ," ಎಂದೆ.

"ಯಾವ ಮನ್ಯಾಗ? ನಾ ಈಗ ಮನ್ಯಾಗ ಅದೀನಿ, ಬಾಗಲಾ ಕೀಲಿ ಹಾಕಿತ್ತು."

ಮಲಪ್ರಭೆಯ ದಂಡೆಯ ಮನೆಗೂ ಕೀಲಿ ಹಾಕಿದೆ. ಧಾರವಾಡದಲ್ಲಿ ನೀವಿದ್ದೀರಿ. ಇನ್ನೆರಡು ವರ್ಷಕ್ಕೆ ನಿಮ್ಮವ್ವನ ವರ್ಗಾವಣೆ ಬಂದರೆ ಚಾಮರಾಜನಗರದ್ದೂ ನಮ್ಮದಲ್ಲ. ನಿಮ್ಮ ಹತ್ತಿರದ ಊರಿಗೇ ಆಗಲಿ ಎಂದು ದಿನಾ ದೇವರಿಗೆ ಕೈ ಮುಗಿಯುತ್ತೇನೆ. ಆದ ದಿನ ಪುಟ್ಟತಾಯಮ್ಮನ ಈ ಅಡಿಗೆಮನೆಯನ್ನು ಹೇಗೆ ಬಿಟ್ಟು ಬರುವುದು ಎಂದೂ ಅದೇ ಹೊತ್ತಿಗೆ ಅನಿಸುತ್ತದೆ. ಎರಡೂ ನಿಜ, ಮಕ್ಕಳೇ.

ಪುಟ್ಟತಾಯಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕೂತಲ್ಲೇ ಸೆರಗು ಸರಿಮಾಡಿಕೊಂಡಳು.

"ನಮ್ಮಟ್ಟೀಲವ್ರೆ ತಾಯಿ. ಉಂಡ್ಕಂಡು ಕಡೇ ಬಸ್ಸಿಗೆ ಬತ್ತಾರೆ."

ಆ ಕಡೆಯಿಂದ ನನಗೂ ಕೇಳುವ ಹಾಗೆ ನಿಮ್ಮವ್ವನ ದನಿ ಬಂತು. ಕೋರ್ಟಿನದಲ್ಲ, ನಮ್ಮೂರಿನದು.

"ಉಣ್ಲಿ ಬಿಡ್ರಿ. ಅವಸರ ಮಾಡಬ್ಯಾಡ್ರಿ."